ತಾಲೀಮು ಯಾರದು

ತಂಬೂರಿಯ ಪಂಚಮ ಒಂದು ಕೂದಲೆಳೆ ಇಳಿದಿದೆ, ಬಾಗಲಕೋಟೆಯ ಈ ತುಂಬಿದ ಸಭಾಭವನದಲ್ಲಿ ಬೇರೆ ಯಾರ ಕಿವಿಗೂ ಅದು ಬಿದ್ದಿರಲಿಕ್ಕಿಲ್ಲ, ಶಂಕರಲಿಂಗ ಮಾಸ್ತರರ ಕಿವಿಗೆ ಬಿತ್ತು, ವೇದಿಕೆಯ ಮೇಲೆ ವಿದ್ಯಾಳ ಕಿವಿಗೂ ಬಿತ್ತು — ಅಗೋ, ತಂಬೂರಿಯ ಕಡೆ ಬಾಗಿದಳು, ತಂತಿಯ ಮಣಿಯನ್ನು ತುಸುವೇ ಸರಿಸಿದಳು, ಈಗ ಸರಿ, ಯಾರು ಕಲಿಸಿದ್ದು ಅದನ್ನು, ಇವರೇ, ಇಳಕಲ್ಲಿನ ಮನೆಯ ಪಡಸಾಲೆಯಲ್ಲಿ, ಆದರೆ ಇಲ್ಲಿ ಆ ಮಾತು ಯಾರೂ ಎತ್ತುವಂತಿಲ್ಲ, ಎತ್ತಬೇಡ ಎಂದವರೂ ಇವರೇ, ನಾಲ್ಕು ವರ್ಷವಾಯಿತು, ಹುನಗುಂದದ ಒಂದು ಮದುವೆಯಲ್ಲಿ ಆರ್ಕೆಸ್ಟ್ರಾದವರ ಜೊತೆ ನಿಂತು ಸಿನಿಮಾ ಹಾಡು ಹಾಡಿ ಬಂದಿದ್ದಳು, ಇನ್ನ ಯಾವ ವೇದಿಕಿ ಮ್ಯಾಲೂ ನನ್ನ ಹೆಸರು ತರಬ್ಯಾಡ, ತಾಲೀಮು ಇಲ್ಲಿಗೆ ಮುಗೀತು, ಎಂದರು, ಅವಳು ಅಳಲಿಲ್ಲ, ಆತ್ರಿ ಸರ, ಎಂದಳು, ಕಾಲು ಮುಟ್ಟಿ ಹೋದಳು, ಧಾರವಾಡ ಸೇರಿದಳು. ಇವತ್ತು ಬೆಳಗ್ಗೆ ಹೆಂಡತಿ ಶಿವಲಿಂಗವ್ವ ಮಗ್ಗದ ಕುಣಿಯಿಂದ ಕತ್ತು ಎತ್ತಿ ನಕ್ಕದ್ದು — ಹೆಸರು ಹೇಳಬ್ಯಾಡ ಅಂದಾವ್ರೂ ನೀವ, ಹೇಳ್ತಾಳೇನೋ ಅಂತ ಬಸ್ ಹತ್ತಾವ್ರೂ ನೀವ. ನಾ ಹಾಡು ಕೇಳಾಕ ಹೊಂಟೇನಿ. ಖರೇನ? ಖರೆ. ಖರೆ ಅಲ್ಲ, ಅಷ್ಟು ಆಕೆಗೂ ಗೊತ್ತು, ಹಾಡು ಫೋನಿನಲ್ಲೂ ಕೇಳಬಹುದು, ಇಲ್ಲಿ ನಿರೂಪಣೆಯ ಶೀಲಾ ಮೇಡಂ ಹಿಂದಿನ ಗಾಯಕನಿಗೆ ಕೇಳಿದಂತೆ ವಿದ್ಯಾಳಿಗೂ ಕೇಳುತ್ತಾಳೆ, ತಾಲೀಮು ಯಾರ ಕಡೆ ಆಯಿತು, ಆಗ ಇವಳು ಧಾರವಾಡದ ಯಾರ ಹೆಸರನ್ನಾದರೂ ಹೇಳಬಹುದು, ದೊಡ್ಡ ಹೆಸರುಗಳಿವೆ ಅಲ್ಲಿ, ಹೇಳಿದರೆ ತಪ್ಪೂ ಅಲ್ಲ, ಆದರೆ ಹಾಗೆ ಹೇಳಿದ ಕ್ಷಣಕ್ಕೆ ಪಡಸಾಲೆಯ ಅಷ್ಟು ವರ್ಷಗಳು ಯಾರವೂ ಅಲ್ಲದವಾಗುತ್ತವೆ.

ತಾಲೀಮು, ಎಂಥ ಶಬ್ದ, ದೂರದಿಂದ ಬಂದು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಕೆಲಸ ಹಿಡಿದಿದೆ, ಅರಬ್ಬಿಯಲ್ಲಿ ಇಲ್ಮ್ ಎಂದರೆ ಅರಿವು, ಅರಿವು ಕೊಡುವುದು ತಾಲೀಮ್, ಸೌದಿಯಲ್ಲಿ ಗ್ರಾನೈಟ್ ಪಾಲಿಶ್ ಮಾಡಿ ಬಂದ ನೆರೆಮನೆಯ ಇರ್ಫಾನ, ಈಗ ಪಕ್ಕದ ಕುರ್ಚಿಯಲ್ಲೇ ಕೂತಿದ್ದಾನೆ, ಬಸ್ಸಿನಲ್ಲಿ ಹೇಳಿದ, ಅಲ್ಲಿ ಶಿಕ್ಷಣ ಖಾತೆ ಬೋರ್ಡಿನ ಮ್ಯಾಲೂ ಅದ ಐತ್ರಿ ಮಾಸ್ತರ, ನಮ್ಮ ಉರ್ದುದಾಗೂ ತಾಲೀಮ್ ಅಂದ್ರ ಸಾಲಿ, ಓದು, ಅದರಾಗ ನಿಮ್ಮ ಸರಿಗಮ ಯಾವಾಗ ಹೊಕ್ಕೊಂತು? ಉಸ್ತಾದರ ಮನೆಗಳಲ್ಲಿ ಹೊಕ್ಕಿತಪ್ಪ, ಎದುರು ಕೂತು ಬಾಯಿಂದ ಬಾಯಿಗೆ ಬಂದರೆ ತಾಲೀಮು, ಒಬ್ಬರೇ ಕೂತು ತಿಕ್ಕಿದರೆ ಬರೀ ರಿಯಾಜ್, ಮರಾಠಿಯವರು ಅದನ್ನೇ ಕೆಮ್ಮಣ್ಣಿಗೆ ಇಳಿಸಿದರು, ಅವರಲ್ಲಿ ತಾಲೀಮ್ ಎಂದರೆ ಗರಡಿಮನೆ, ನಾವು ನಾಟಕದ ಅಟ್ಟಕ್ಕೆ ಹತ್ತಿಸಿದೆವು, ಆಡುವುದಕ್ಕಿಂತ ಮುಂಚೆ ಆಡಿ ನೋಡುವುದು ತಾಲೀಮು — ವಿದ್ಯಾಳ ಅಪ್ಪ ದುರಗಪ್ಪ, ಮುಂದಿನ ಸಾಲಿನಲ್ಲಿ ತಲೆಗೆ ಬಿಳಿ ಪಟಗ ಸುತ್ತಿ ನೆಟ್ಟಗೆ ಕೂತಿದ್ದಾನಲ್ಲ, ಅವನಿಗೆ ಗೊತ್ತಿದ್ದದ್ದು ಕುಸ್ತಿಯ ಅರ್ಥ ಒಂದೇ, ಮಗಳ ಕೈ ಹಿಡಿದು ಬಂದವನು ಹೊಸ್ತಿಲ ಆಚೆಗೇ ನಿಂತು, ಮಾಸ್ತರ, ನಾ ತಾಲೀಮಿನಾಗ ಬೆಳದಾಂವ್ರಿ, ಈಕೀಗೂ ಮಣ್ಣು ತಿನ್ನಿಸಿ ಕಲಸ್ರಿ, ಎಂದ, ಹಾಡಿಗೆ ಮಣ್ಣ್ಯಾಕೋ ಮಾರಾಯ, ಮೊದಲ ಒಳಗ ಬಾ, ಇಬ್ಬರೂ ಬರ್ರಿ, ಎಂದಿದ್ದರು ಇವರು. ವೇದಿಕೆಯ ಮೇಲೆ ಭೀಮಪಲಾಸ ರಾಗ ಶುರುವಾಗಿದೆ, ಮಧ್ಯಮದಿಂದ ಜಾರಿ ಗಾಂಧಾರಕ್ಕೆ ಬಂದಳು, ನಿಲ್ಲಲಿಲ್ಲ, ಮುಟ್ಟಿ ಬಿಟ್ಟಳು, ಭೇಷ್, ಧಾರವಾಡದಲ್ಲಿ ದನಿ ಇನ್ನಷ್ಟು ಅಗಲವಾಗಿದೆ, ಅದನ್ನು ಒಪ್ಪಬೇಕು, ವಿಲಂಬಿತ ಏಕತಾಳ, ಒಂದು ಆವರ್ತನವೆಂದರೆ ಮೈಲು ದೂರ — ಅಯ್ಯೋ, ಕರೆಂಟು ಹೋಯಿತು, ಇದರಪ್ಪನ, ಹೊರಗೆ ಜನರೇಟರ್ ಡುಗುಡುಗು ಎಂದು ಎದ್ದಿತು, ದೀಪ ಬಂತು, ಆದರೆ ಆ ಸದ್ದು ಗೋಡೆ ದಾಟಿ ಎದೆಗೇ ಬಡಿಯುತ್ತಿದೆ, ತಬಲಾದವನ ಕೈ ಅದರ ಹಿಂದೆ ಓಡಿತು, ಲಯ ಏರುತ್ತಿದೆ, ಏರುತ್ತಿದೆ, ಅವಳು ಏರಲಿಲ್ಲ. ಏರುವುದಿಲ್ಲ, ನೋಡ್ರಿ ಬೇಕಾದರೆ, ಶಿವಲಿಂಗವ್ವ ಒಳಗೆ ಮಗ್ಗ ಬಡಿಯುವಾಗಲೇ ಇವರು ಪಡಸಾಲೆಯಲ್ಲಿ ಪಾಠ ಹೇಳುತ್ತಿದ್ದರು, ಬೇಕಂತಲೇ, ಮಗ್ಗದ ಸದ್ದಿಗೆ ಜೋತು ಬೀಳಬ್ಯಾಡ, ಅದರ ದಾರಿ ಅದಕ್ಕ, ನಿನ್ನ ದಾರಿ ನಿನಗ, ಹುಡುಗಿ ಸೋತು ಸೋತು ಒಂದು ದಿನ ಸೋಲದೆ ತಾಳದ ಮೊದಲ ಪೆಟ್ಟಿಗೆ, ಸಮಕ್ಕೆ, ಬಂದಾಗ ಒಳಗಿನ ಮಗ್ಗವೇ ನಿಂತಿತ್ತು, ಬಂತಲ್ರಿ, ಎಂದಿದ್ದಳು ಶಿವಲಿಂಗವ್ವ. ಈಗಲೂ ಬಂದಳು, ತಬಲಾದವನನ್ನು ಕಣ್ಣಲ್ಲೇ ಹಿಂದಕ್ಕೆ ಎಳೆದು, ಜನರೇಟರಿನ ನಡುವೆಯೇ, ನೆಟ್ಟಗೆ ಸಮದ ಮೇಲೆ ಬಂದು ನಿಂತಳು, ಸಭೆ ಚಪ್ಪಾಳೆ ತಟ್ಟುತ್ತಿದೆ, ಯಾತಕ್ಕೆ ತಟ್ಟುತ್ತಿದ್ದೇವೆ ಎಂದು ಅವರಿಗೆ ಗೊತ್ತಿಲ್ಲ, ಇದು ಯಾವ ಘರಾಣೆಯಲ್ಲೂ ಸಿಗುವುದಿಲ್ಲ, ಇದು ಇಳಕಲ್ಲಿನದು, ಇದು ನಮ್ಮ ಮನೆಯದು, ಎದೆ ಎಷ್ಟು ಉಬ್ಬಿದೆಯೆಂದರೆ ಇರ್ಫಾನ ಮೊಳಕೈಯಲ್ಲಿ ತಿವಿದ, ಏನ್ರಿ ಮಾಸ್ತರ, ನೀವ ಹಾಡಿದಂಗ ಬೆವತೀರಲ್ರಿ, ಸುಮ್ಮನ ಕುಂದ್ರಲೇ, ಎಂದರು ಇವರು.

ರಾಗ ಮುಗಿಯಿತು, ಶೀಲಾ ಮೈಕು ಹಿಡಿದು ಬಂದಳು, ಬಂತು, ಈಗ ಬಂತು, ವಿದ್ಯಾ ಅವರೇ, ಇಂಥ ಲಯದ ಹಿಡಿತ, ತಾಲೀಮು ಯಾರ ಕಡೆ ಆಯಿತು? ಮಾಸ್ತರರು ಕಂಬದ ಮರೆಗೆ ಸರಿದರು, ಯಾಕೆ ಸರಿದೆ, ಅವಳು ನೋಡಿಯೇ ಇಲ್ಲ, ಇವರು ಬಂದದ್ದು ಅವಳಿಗೆ ಗೊತ್ತೇ ಇಲ್ಲ, ಧಾರವಾಡ ಎನ್ನುತ್ತಾಳೆ, ಎನ್ನಲಿ, ಹಾಡು ಕೇಳಿದ್ದಾಯಿತಲ್ಲ. ಇಳಕಲ್ಲಿನಾಗ ಆತ್ರಿ, ಎಂದಳು. ಇಳಕಲ್ಲಿನಲ್ಲಿ ಯಾರ ಕಡೆ? ಸಭೆ ಕಾಯುತ್ತಿದೆ, ದುರಗಪ್ಪನ ಪಟಗ ಅಲುಗುತ್ತಿಲ್ಲ, ಆತ್ರಿ ಸರ ಎಂದವಳು, ಕೊಟ್ಟ ಮಾತು ಮುರಿಯುವವಳಲ್ಲ — ಅವಳ ಬಲಗೈ ತಂಬೂರಿಯಿಂದ ಮೇಲೆದ್ದಿತು, ಗುರುವಿನ ಹೆಸರು ಬಾಯಿಗೆ ಬಂದಾಗ ಹಾಡುವವರ ಕೈ ಹೀಗೆ ಏಳುವುದು, ಕಿವಿ ಮುಟ್ಟಿಕೊಳ್ಳುವುದು ರೂಢಿ, ಇಲ್ಲಿ ಹೆಸರು ಬರಲಿಲ್ಲ, ಕೈ ಬಂತು, ಎರಡು ಬೆರಳು ಕಿವಿಯ ತುದಿ ಹಿಡಿದವು, ಕಣ್ಣು ಮುಚ್ಚಿದಳು. ಹೆಸರ ಹೇಳಲಿಲ್ಲಲ್ರಿ ಮಾಸ್ತರ, ಇರ್ಫಾನ ಪಿಸುಗುಟ್ಟುತ್ತಿದ್ದಾನೆ, ಎರಡು ಬೆರಳು, ಕಿವಿಯ ತುದಿ, ಇಳಿಯದ ಆ ಕೈ, ಎರಡು ಬೆರಳು, ಕಿವಿಯ ತುದಿ —