ಕಲ್ಲಹಟ್ಟಿಯ ಟೋಕನ್ ಗುಂಡು

ನಾನು ಮೋಸಂಬಿ ಗಾತ್ರದ ಉಕ್ಕಿನ ಗುಂಡು. ರೈಲ್ವೆಯವರು ನನ್ನನ್ನು ಟೋಕನ್ ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ನನ್ನನ್ನು ಎರಕ ಹೊಯ್ದು, ಹೊಟ್ಟೆಯ ಮೇಲೆ 'ಕಲ್ಲಹಟ್ಟಿ–ನೀಲಗುಂಡಿ' ಎಂದು ಕೊರೆದರು. ಆ ಎರಡು ಸ್ಟೇಷನ್ನುಗಳ ನಡುವೆ ಇದ್ದದ್ದು ಒಂಟಿ ಹಳಿ. ನಾನು ಕೈಗೆ ಬಂದರೆ ಮಾತ್ರ ಡ್ರೈವರು ಆ ಹಳಿಗೆ ಗಾಡಿ ಬಿಡಬಹುದು. ಬುಸುಗುಟ್ಟುವ ಅಷ್ಟು ದೊಡ್ಡ ಇಂಜಿನ್ನೂ ನನಗಾಗಿ ಕಾಯಬೇಕಿತ್ತು. ಸುಳ್ಳೇಕೆ ಹೇಳಲಿ, ನನಗೆ ಜಂಬವಿತ್ತು.

ನನ್ನನ್ನು ಚರ್ಮದ ಚೀಲದಲ್ಲಿಟ್ಟು, ಅದನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ ಕೊಡುತ್ತಿದ್ದರು. ಚೀಲಕ್ಕೊಂದು ಕಿಂಡಿ. ಫೈರ್‌ಮನ್ ಚೆಲುವಯ್ಯ ಆ ಕಿಂಡಿಯಲ್ಲಿ ಹೆಬ್ಬೆರಳು ತೂರಿಸಿ, ನನ್ನ ಹೆಸರಿನ ಮೇಲಿನ ಮಸಿ ಒರೆಸಿ ಗಟ್ಟಿಯಾಗಿ ಓದುತ್ತಿದ್ದ. ಕಲ್ಲಿದ್ದಲು ಎಸೆದೆಸೆದು ಒರಟಾದ ಬೆರಳು, ಸೀಳಿದ ಉಗುರು. ಅವನು ಓದಿದ ಮೇಲೆಯೇ ಡ್ರೈವರ್ ಅರುಳಪ್ಪ ಶಿಳ್ಳೆ ಹಾಕುತ್ತಿದ್ದದ್ದು.

ಒಂದು ಮಧ್ಯಾಹ್ನ ಗಾಡಿ ತಡವಾಗಿತ್ತು. ನನ್ನನ್ನು ನೀಲಗುಂಡಿಯಲ್ಲಿ ಒಪ್ಪಿಸಿ, ಮುಂದಿನ ಹಳಿಯ ಗುಂಡನ್ನು ಪಡೆಯಬೇಕಿತ್ತು. ಸ್ಟೇಷನ್ನಿನವರು ಗಡಿಬಿಡಿಯಲ್ಲಿ ನನ್ನನ್ನೇ ತಿರುಗಿ ಕೊಟ್ಟರು.

"ತಡೀರಿ ಅರುಳಪ್ಪಣ್ಣ, ಓದ್ಬುಡ್ತೀನಿ," ಎಂದ ಚೆಲುವಯ್ಯ.

"ದಿನಾ ಇದ್ದಿದ್ದೇ, ಬಿಡೋ. ನೀನು ಬೆಂಕಿ ನೋಡ್ಕೋ," ಎಂದು ಅರುಳಪ್ಪ ಬಳೆಯನ್ನು ಕಿತ್ತುಕೊಂಡು ಹೆಗಲಿಗೇರಿಸಿದ.

ನನಗೆ ಹೆಸರಿತ್ತು, ಬಾಯಿರಲಿಲ್ಲ. ಮೂರನೆಯ ಮೈಲಿಯಲ್ಲಿ, ಆ ಹಳಿಯ ಗುಂಡು ಪಡೆದಿದ್ದ ಗೂಡ್ಸ್ ಗಾಡಿ ಎದುರಿನಿಂದ ಬಂತು. ಅರುಳಪ್ಪ ಹಾರಿಕೊಂಡ. ಚೆಲುವಯ್ಯನಿಗೆ ಹಾರಲಾಗಲಿಲ್ಲ.

ವಿಚಾರಣೆಯ ದಿನ ನಾನು ಸಾಹೇಬರ ಮೇಜಿನ ಮೇಲೆಯೇ ಕೂತಿದ್ದೆ. "ಚೆಲುವಯ್ಯ ಓದಿ, ಸರಿಯಾಗೈತೆ ಅಂದ ಸಾರ್," ಎಂದುಬಿಟ್ಟ ಅರುಳಪ್ಪ. ಸತ್ತವನು ಬಂದು ಇಲ್ಲವೆನ್ನುತ್ತಾನೆಯೇ? ಅಂದಿನಿಂದ ಅವನು ಊರಿಗೆಲ್ಲ ಕುರುಡ ಚೆಲುವಯ್ಯನಾದ. ನಲ್ಲಿಯ ಬಳಿ ಅವನ ಹೆಂಡತಿಗೂ 'ಕುರುಡನ ಹೆಂಡತಿ' ಎಂಬ ಹೆಸರು ಅಂಟಿತು. ನನ್ನ ಜಂಬ ಅವತ್ತೇ ಇಳಿಯಿತು.

ಕಾಲ ಕಳೆದಂತೆ ಗುಂಡುಗಳ ಬದಲು ಫೋನು, ಸಿಗ್ನಲ್ ದೀಪಗಳು ಬಂದು ನಾನು ಗುಜರಿ ಸೇರಿದೆ. ಅಲ್ಲಿಯೂ ಆಗಾಗ ಯಾರೋ ನನ್ನ ಹೆಸರಿನ ಮೇಲೆ ಬೆರಳಾಡಿಸಿದ ಹಾಗಾಗುತ್ತಿತ್ತು. ಇಲಿಯಿರಬೇಕು ಎಂದುಕೊಂಡೆ.

ಗುಜರಿಯಿಂದ ನನ್ನನ್ನು ಬಿಡಿಸಿ ತಂದವರು ವಾಸಂತಿ ಮೇಡಂ. ರೈಲೆಂದರೆ ಪ್ರಾಣ ಬಿಡುವ ಗಣಿತದ ಟೀಚರು. ಅವರ ಸಂಘದವರು ಹಳೆಯ ಹಬೆ ಇಂಜಿನ್ನನ್ನು ರಿಪೇರಿ ಮಾಡಿಸಿ, ಅದೇ ಹಳಿಯ ಮೇಲೆ ಒಂದು ದಿನದ ಪ್ರವಾಸ ಹೊರಡಿಸಿದರು. ಎಂಬತ್ತು ದಾಟಿದ ಅರುಳಪ್ಪನನ್ನು ಹಾರ ಹಾಕಿ ಇಂಜಿನ್ನಿಗೆ ಹತ್ತಿಸಿದರು. ನೀಲಗುಂಡಿಯಲ್ಲಿ ಗಾಡಿ ನಿಂತಿತು. ಹಿಂದಿನ ಕಥೆ ತಿಳಿಯದ ವಾಸಂತಿ ನನ್ನನ್ನು ಮೊದಲಿನಂತೆ ಚೀಲದಲ್ಲಿಟ್ಟು, ಬಳೆಗೆ ಕಟ್ಟಿ ಮೇಲಕ್ಕೆ ಚಾಚಿದರು.

"ತಾತ, ಹಳೇ ಕಾಲದ ಥರಾನೇ ಹಿಡ್ಕೊಳ್ಳಿ. ವಿಡಿಯೋ ಮಾಡ್ತಿದಾರೆ."

ಅರುಳಪ್ಪ ನೋಡದೆಯೇ ಬಳೆಯನ್ನು ಹೆಗಲಿಗೇರಿಸಿ ಕ್ಯಾಮೆರಾಗಳತ್ತ ನಕ್ಕ.

ಆಗ ಕಿಂಡಿಯೊಳಗೆ ಒಂದು ಹೆಬ್ಬೆರಳು ಬಂತು. ಒರಟು ಬೆರಳು, ಸೀಳಿದ ಉಗುರು. ಮೆಲ್ಲಗೆ ನನ್ನ ಹೆಸರನ್ನು ಒರೆಸಿತು. ಕಿಂಡಿಯ ಹತ್ತಿರ ಯಾರ ಕೈಯೂ ಇರಲಿಲ್ಲ.

"ಕಲ್ಲಹಟ್ಟಿ... ನೀಲಗುಂಡಿ," ಎಂದಿತು ಕಲ್ಲಿದ್ದಲ ಕಡೆಯಿಂದ ಒಂದು ದನಿ.

ಎಲ್ಲರೂ ತಿರುಗಿ ನೋಡಿದರು. ಅಲ್ಲಿ ಕಲ್ಲಿದ್ದಲು ಮಾತ್ರ ಇತ್ತು. ಅರುಳಪ್ಪನ ನಗು ಮುಖದಲ್ಲೇ ಒಣಗಿತು.

"ಗಾಡಿ ಬಿಡಬ್ಯಾಡಿ. ಇದು ಮುಂದಿನ ಹಳೀದಲ್ಲ!" ಎಂದು ಕಿರುಚಿದ.

"ಅದು ಬರೀ ವಿಡಿಯೋಗೆ, ತಾತ. ಅಪ್ಪಣೆ ಫೋನಲ್ಲೇ ತಗೊಂಡಿದೀವಿ."

"ಅವತ್ತೂ ಓದ್ತೀನಿ ಅಂದ ಕಣಮ್ಮ ಚೆಲುವ. ನಾನೇ ಬ್ಯಾಡ ಅಂದೆ. ಓದ್ದ ಅಂತ ಸುಳ್ಳು ಹೇಳ್ಬುಟ್ಟೆ." ಮುದುಕ ಇಂಜಿನ್ನಿನಲ್ಲೇ ಕುಸಿದು ಕೂತು ಅತ್ತ. ಕ್ಯಾಮೆರಾಗಳು ಓಡುತ್ತಲೇ ಇದ್ದವು.

ಈಗ ನಾನು ನೀಲಗುಂಡಿ ಸ್ಟೇಷನ್ನಿನ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. 'ಓದುತ್ತೇನೆ ಎಂದಿದ್ದ ಚೆಲುವಯ್ಯನವರ ನೆನಪಿಗೆ' ಎಂದು ವಾಸಂತಿ ಚೀಟಿ ಬರೆದಿಟ್ಟಿದ್ದಾರೆ. ಅವನ ಹೆಸರು ಚೊಕ್ಕವಾಯಿತು, ನನಗೂ ನೆಮ್ಮದಿ. ಬಂದವರು ಬಗ್ಗಿ ನನ್ನ ಹೊಟ್ಟೆಯ ಮೇಲಿನ ಅಕ್ಷರ ಓದುತ್ತಾರೆ. ಓದದೆ ಮುಂದೆ ಹೋಗುವವರೂ ಇದ್ದಾರೆ. ಅಂಥವರು ಬಾಗಿಲು ದಾಟುವ ಮೊದಲೇ, ಬೀಗ ಹಾಕಿದ ಗಾಜಿನೊಳಗೆ ಹೆಬ್ಬೆರಳು ನನ್ನನ್ನು ಒರೆಸತೊಡಗುತ್ತದೆ.