ಮೂರನೆಯ ಕಿಟಕಿಯ ಹಲಗೆ

ನಾನು ಕಿಟಕಿಯಲ್ಲ, ಕಿಟಕಿಯ ಬಾಯಿ ಮುಚ್ಚುವ ಹಲಗೆ. ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ಮೂರನೆಯ ಕಿಟಕಿಗೆ ಬಾಗಿಲೂ ನಾನೇ, ಬೀಗವೂ ನಾನೇ. ನನ್ನನ್ನು ಮೇಲೆತ್ತಿದರೆ ಕಚೇರಿ ತೆರೆಯಿತು, ಕೆಳಗಿಳಿಸಿದರೆ ಮುಗಿಯಿತು. ನನ್ನೆದುರು ಅತ್ತವರಿದ್ದಾರೆ, ನನ್ನ ಮುಖಕ್ಕೆ ಗುದ್ದಿದವರಿದ್ದಾರೆ, ಪೆನ್ನಿನ ಮೊನೆಯಿಂದ ಮೈಮೇಲೆ ಬೈಗುಳ ಕೊರೆದು ಹೋದವರೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಒಳಗೆ ಕೂತವರ ಮೇಲೆ.

ಹುಟ್ಟಿನಿಂದ ನಾನು ಸಾಗವಾನಿ. ಹೊಸ ಕಟ್ಟಡ ಎದ್ದ ವರ್ಷ, ಘಟಿಕೋತ್ಸವದಲ್ಲಿ ಕುಲಪತಿಗಳು ಕೂರಲು ದೊಡ್ಡದೊಂದು ಕುರ್ಚಿ ಬೇಕೆಂದು ಒಂದು ದಿಮ್ಮಿ ತರಿಸಿದ್ದರು. ಮೌನೇಶಪ್ಪ ಬಡಿಗೇರ ಎಂಬ ಬಡಗಿ ಅದನ್ನು ಕೊಯ್ದು ಕುರ್ಚಿ ಮಾಡಿದ. ಬೆನ್ನಿಗೆ ನವಿಲು ಕೆತ್ತಿದ, ಕೈಗಳಿಗೆ ಸಿಂಹದ ಮುಖ ಕೊಟ್ಟ. ಉಳಿದ ತುಂಡಿನಲ್ಲಿ ನಾನಾದೆ. ಹೀಗೆ ನಾನೂ ಆ ಕುರ್ಚಿಯೂ ಒಂದೇ ಮರದ ಮಕ್ಕಳು. ಅದಕ್ಕೆ ಮಖಮಲ್ಲಿನ ದಿಂಬು ಸಿಕ್ಕಿತು, ನನಗೆ ಒಂದು ಕಬ್ಬಿಣದ ಕೊಂಡಿ. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾದೀತು.

ಚೌಕಟ್ಟಿನ ಎರಡೂ ಬದಿಗೆ ಕೊರೆದ ಸಂದಿನಲ್ಲಿ ನನ್ನನ್ನು ಕೂರಿಸಿ, ಮೇಲೆ ಕೆಳಗೆ ಸರಿಸಿ ನೋಡಿ, ಮೌನೇಶಪ್ಪ ಅಲ್ಲಿದ್ದ ಜವಾನನಿಗೆ ಹೇಳಿದ: "ಬಿಗೀ ಕುಂತೈತಿ. ಮಳಿಗಾಲದಾಗ ಒಂದೀಟು ಹಟಾ ಮಾಡಬಹುದು ನೋಡು."

ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹಾಕಿಕೊಂಡೆ.

ನನ್ನನ್ನು ಮೊದಲು ಆಳಿದವರು ಪದ್ಮಾಬಾಯಿ ಎಂಬ ಗುಮಾಸ್ತೆ. ಬೆಳಿಗ್ಗೆ ಬಂದವರೇ ಸೆರಗಿನ ತುದಿಯಿಂದ ನನ್ನ ಧೂಳು ಒರೆಸಿ ಮೇಲೆತ್ತುತ್ತಿದ್ದರು. ಮೇಲೆ ಹೋದ ಮೇಲೆ ನನಗೆ ಕಾಣುತ್ತಿದ್ದುದು ಜನರ ನೆತ್ತಿ ಮಾತ್ರ: ಎಣ್ಣೆ ಹಚ್ಚಿ ತೀಡಿದ ಬೈತಲೆ, ಹೊಸ ಕ್ರಾಪು, ಮಗನ ಜೊತೆ ಬಂದ ಅಪ್ಪನ ಮಾಸಿದ ರುಮಾಲು. ನೆತ್ತಿ ನೋಡಿಯೇ ಯಾರು ಹೆದರಿದ್ದಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ತಿಳಿಯುವ ವಿದ್ಯೆ ನನಗೆ ಹತ್ತಿದ್ದು ಆಗಲೇ. ಪದ್ಮಾಬಾಯಿಯವರ ಬಾಯಿ ಜೋರು. "ಏ ತಮ್ಮಾ, ಸಹಿ ಎಲ್ಲೈತೋ? ನಿಮ್ಮಪ್ಪ ಬಂದು ಹಾಕ್ತಾನೇನು?" ಎಂದು ಗದರಿ, ತಮ್ಮದೇ ಪೆನ್ನು ಹೊರಗೆ ಚಾಚುತ್ತಿದ್ದರು. ಬೈಸಿಕೊಂಡವರನ್ನು ಬರಿಗೈಲಿ ಕಳಿಸಿದ್ದು ನಾನು ಕಾಣೆ. ಸಂಜೆ ಕತ್ತು ಹೊರಚಾಚಿ, "ಇನ್ನ ಯಾರರ ಅದೀರೇನ?" ಎಂದು ಎರಡೂ ಕಡೆ ನೋಡಿಯೇ ನನ್ನನ್ನು ಇಳಿಸುತ್ತಿದ್ದರು. ಅವರು ನಿವೃತ್ತರಾದ ದಿನ ನನ್ನ ಕೊಂಡಿಗೆ ಅರಿಸಿನ ಕುಂಕುಮ ಹಚ್ಚಿ ಹೋದರು. ಕಬ್ಬಿಣಕ್ಕೆ ಯಾರಾದರೂ ಹಾಗೆ ಮಾಡುತ್ತಾರೆಯೇ?

ಅವರ ಕುರ್ಚಿಗೆ ಬಂದವರು ಸವಣೂರ ಸರ್. ಆ ಮನುಷ್ಯ ಕೆಟ್ಟವನಲ್ಲ ಎಂದು ಜವಾನ ಮೌಲಾಸಾಬ ಹೇಳುತ್ತಿದ್ದ. ಇರಬಹುದು. ಆದರೆ ಕೆಲಸ ಎಂದರೆ ಅವರಿಗೆ ಮೈಮೇಲೆ ಬಿಸಿನೀರು ಸುರಿದಂತಾಗುತ್ತಿತ್ತು. ಅವರು ಕಂಡುಕೊಂಡ ಉಪಾಯ ನಾನು. ಸಾಲು ಸ್ವಲ್ಪ ಉದ್ದವಾಯಿತೋ, ಕೇಳಿದ ಪ್ರಶ್ನೆ ಸ್ವಲ್ಪ ತೊಡಕಾಯಿತೋ, "ನಾಳೆ ಬರ್ರಿ" ಎಂದು ನನ್ನನ್ನು ದಢಾರನೆ ಕೆಳಗೆ ಎಳೆಯುತ್ತಿದ್ದರು. ಎಳೆದು ಎಲ್ಲಿಗೂ ಹೋಗುತ್ತಿರಲಿಲ್ಲ, ಅದೇ ಕುರ್ಚಿಯಲ್ಲಿ ಕೂತು ಚಹಾ ಹೀರುತ್ತಿದ್ದರು. ಹೊರಗಿನವರು ಸಾಹೇಬರು ಎದ್ದು ಹೋದರೆಂದು ತಿಳಿದು ಮೆಟ್ಟಿಲ ಮೇಲೆ ಕಾದು ಕಾದು ಬಸ್ಸಿಗೆ ಹೊರಡುತ್ತಿದ್ದರು. ಒಂದು ಬೆರಳಷ್ಟು ದಪ್ಪದ ಮರದ ಆಚೆ ಮನುಷ್ಯ ಉಸಿರಾಡುತ್ತಿದ್ದಾನೆ ಎಂಬುದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾಗದಂತೆ ಮಾಡುತ್ತಿದ್ದವನು ನಾನು. ಆ ಸಂಕಟವನ್ನು ವರ್ಷಗಟ್ಟಲೆ ನುಂಗಿಕೊಂಡೆ.

ಆ ವರ್ಷ ಮಳೆ ಜೋರು. ಪ್ರವೇಶ ಸಿಕ್ಕವರು ಬಂದು ಹೋಗುವ ಗದ್ದಲ ಮುಗಿದು, ಇನ್ನೊಂದು ಗದ್ದಲ ಉಳಿದಿತ್ತು. ಅರ್ಜಿ ಹಾಕುವಾಗ ಪದವಿಯಲ್ಲಿ ಇಂಥಿಂಥ ವಿಷಯ ಓದುತ್ತಿದ್ದೇನೆ ಎಂದು ಬರೆದವರು, ನಡುವೆ ವಿಷಯ ಬದಲಾಯಿಸಿದ್ದರೆ, ಸೀಟು ಸಿಕ್ಕ ಮೇಲೆ ವಿಶ್ವವಿದ್ಯಾಲಯಕ್ಕೆ ತಿಳಿಸಬೇಕು. ಗೊತ್ತುಮಾಡಿದ ದಿನದೊಳಗೆ ತಿಳಿಸದಿದ್ದರೆ, ಮುಂದೆ ಅಂಕಪಟ್ಟಿ ಬಂದಾಗ ಸೀಟು ರದ್ದು ಮಾಡಬಹುದು. ತಿಳಿಸಿದರೂ ಸೀಟು ಉಳಿಯುತ್ತದೆಂಬ ಭರವಸೆ ಇಲ್ಲ, ಅದು ವಿಭಾಗದವರಿಗೆ ಬಿಟ್ಟದ್ದು. ಈ ಇಕ್ಕಟ್ಟಿನಲ್ಲಿ ಹೆಚ್ಚಿನವರು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದರು.

ಕಡೆಯ ದಿನ ಕಸ್ತೂರಿ ಬಂದಳು. ಮಳೆಯಲ್ಲಿ ನೆನೆದ ನೆತ್ತಿ, ಬಿಗಿಯಾಗಿ ಹೆಣೆದ ಎರಡು ಜಡೆ. ಜೊತೆಗೆ ಅವಳ ಅಣ್ಣ ಪರಸಪ್ಪ, ಊರಲ್ಲಿ ಟಂಟಂ ಆಟೋ ಓಡಿಸುವವನು. ಅವಳಿಗೆ ಭೂಗರ್ಭಶಾಸ್ತ್ರದ ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ಅವರ ಮನೆಯಲ್ಲಿ ಪದವಿ ದಾಟಿದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಅರ್ಜಿಯಲ್ಲಿ ಗಣಿತ ಎಂದು ಬರೆದಿದ್ದಳು. ಕೊನೆಯ ಸೆಮಿಸ್ಟರಿನಲ್ಲಿ ಗಣಿತದ ಮೇಷ್ಟ್ರು ವರ್ಗವಾಗಿ, ಬೇರೊಬ್ಬರು ಬಾರದೆ, ಕಾಲೇಜಿನವರು ಅವಳನ್ನು ಸಂಖ್ಯಾಶಾಸ್ತ್ರಕ್ಕೆ ಹಾಕಿದ್ದರು.

ಸಾಲಿನಲ್ಲಿ ನಿಂತಲ್ಲೇ ಅಣ್ಣ ತಂಗಿಯ ಜಗಳ ನಡೆದಿತ್ತು.

"ನಡಿಯಬೇ ಮನೀಗೆ," ಎಂದ ಪರಸಪ್ಪ ಮೆಲ್ಲಗೆ. "ಸಿಕ್ಕ ಸೀಟು ನೀನ ಒಯ್ದು ತಿರಗಿ ಕೊಟ್ಟಂಗ ಆಗತೈತಿ. ಯಾರ್ ನೋಡ್ತಾರ ಅದನ್ನ?"

"ಎರಡ ವರ್ಷ ಅಂಜಿಕೋಂತ ಓದಾಕ ನನ್ನ ಕೈಲೆ ಆಗಂಗಿಲ್ಲಣ್ಣ. ದಿನಾ ಬೆಳಗಾದ್ರ ಇವತ್ತ ಹಿಡೀತಾರೇನು, ನಾಳೆ ಹಿಡೀತಾರೇನು ಅಂತ. ಬ್ಯಾಡ ಅನ್ನೋದಿದ್ರ ಈಗ ಎದರಿಗೆ ಅನ್ಲಿ."

ಅವಳ ಸರದಿ ಬಂತು. ಕಾಗದ ಒಳಗೆ ಚಾಚಿದಳು. ಸವಣೂರ ಸರ್ ಓದಿ, ಮುಟ್ಟಬಾರದ್ದನ್ನು ಮುಟ್ಟಿದವರಂತೆ ಹಿಂದಕ್ಕೆ ಸರಿಸಿದರು.

"ಏ ತಂಗಿ, ನೀ ಸುಮ್ನಿದ್ದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ಈಗ ಫೈಲ್ ತಗೀಬೇಕು, ವಿಭಾಗಕ್ಕ ಕಳಸಬೇಕು. ಊಟದ ಹೊತ್ತಾತು. ನಾಳೆ ಬಾ."

"ಇವತ್ತ ಕಡೀ ದಿನ ಐತ್ರಿ ಸರ. ನಾಳೆ ಬಂದ್ರ ನೀವ ತಗೊಳಂಗಿಲ್ಲ. ಮತ್ತ ನಾ ಬಂದಿದ್ದು ಗೊತ್ತಾಗಬಾರದು ಅಂತಲ್ರಿ, ಗೊತ್ತಾಗ್ಲಿ ಅಂತನ."

ಸರ್ ಎದ್ದರು. ಅವರ ಕೈ ನನ್ನ ಕೊಂಡಿಗೆ ಬಂತು. ಕಸ್ತೂರಿ ಕೈ ಹಿಂತೆಗೆಯಲಿಲ್ಲ. ಕಾಗದವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಎರಡೂ ಅಂಗೈ ಊರಿ ನಿಂತಳು. ನಾನು ಇಳಿದರೆ ಬೀಳುವುದು ಅವಳ ಬೆರಳುಗಳ ಮೇಲೆ. ಅದು ಅವಳಿಗೆ ಗೊತ್ತಿತ್ತು. ಆ ನೆತ್ತಿ ಒಂದಿಷ್ಟೂ ಬಾಗಲಿಲ್ಲ. ಸರ್ ಎಳೆದರು.

ಒಂದು ಗೇಣು ಇಳಿದು ನಾನು ನಿಂತುಬಿಟ್ಟೆ.

ಮಳೆಗೆ ಉಬ್ಬಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಮಳೆ ಪ್ರತಿ ವರ್ಷವೂ ಬರುತ್ತಿತ್ತು. ಪ್ರತಿ ವರ್ಷವೂ ನಾನು ಉಬ್ಬುತ್ತಿದ್ದೆ, ಮೈ ಕುಗ್ಗಿಸಿಕೊಂಡು ಹೇಗೋ ಇಳಿಯುತ್ತಿದ್ದೆ. ಅಂದು ಕುಗ್ಗಲಿಲ್ಲ, ಅಷ್ಟೇ. ಸರ್ ಎರಡೂ ಕೈಯಿಂದ ಜಗ್ಗಿದರು, ಕೊಂಡಿಗೆ ಜೋತುಬಿದ್ದರು. ಜಪ್ಪಯ್ಯ ಎಂದರೂ ನಾನು ಕದಲಲಿಲ್ಲ. ಮೌಲಾಸಾಬನನ್ನು ಕೂಗಿದರು. ಅವನು ಬಂದು ನನ್ನ ಬೆನ್ನಿಗೆ ಎರಡು ಪೆಟ್ಟು ಕೊಟ್ಟ. ಮಗುವನ್ನು ತಟ್ಟುವ ಪೆಟ್ಟು ಅದು, ನನಗೇ ನಗು ಬಂತು.

"ಬರಾಂಗಿಲ್ಲ ಬಿಡ್ರಿ ಸರ. ಜೋರ್ ಬಡದ್ರ ಸೀಳತೈತಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸರ್ ಕೂತು ಊಟದ ಡಬ್ಬಿ ಬಿಚ್ಚಿದರು, ನೋಡಿದರೆ ನೋಡಲಿ ಎಂಬ ಬಿಗುಮಾನದಲ್ಲಿ. ರೊಟ್ಟಿ ಮುರಿದು ತಲೆಯೆತ್ತಿದರೆ ಎದುರಿಗೆ ಕಸ್ತೂರಿ, ಅವಳ ಹಿಂದೆ ಪರಸಪ್ಪ, ಅವನ ಹಿಂದೆ ಇಡೀ ಸಾಲು. ಕುರ್ಚಿ ಪಕ್ಕಕ್ಕೆ ತಿರುಗಿಸಿಕೊಂಡರು. ಬೆನ್ನಿಗೂ ಕಣ್ಣುಗಳು ನಾಟಿರಬೇಕು. ಅಷ್ಟು ವರ್ಷ ನನ್ನ ಮರೆಯಲ್ಲಿ ಹಾಯಾಗಿ ಉಂಡವರು ಅಂದು ಮುರಿದ ರೊಟ್ಟಿಯನ್ನು ಮತ್ತೆ ಡಬ್ಬಿಗೇ ಇಟ್ಟರು. ಕಟ್ಟೆಯ ಮೇಲಿನ ಕೈಗಳು ಹಾಗೇ ಇದ್ದವು.

"ಸಾವಕಾಶ ಊಟಾ ಮಾಡ್ರಿ ಸರ," ಎಂದಳು ಕಸ್ತೂರಿ. "ನಾ ನಿಂತಿರತೀನಿ."

ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ಅದು ತಾಗಿತು. ಸರ್ ಡಬ್ಬಿ ಮುಚ್ಚಿ, ಕೈ ತೊಳೆದು ಬಂದು, ಕಾಗದ ಎಳೆದುಕೊಂಡು ಸೀಲು ಹೊಡೆದರು. ಇನ್ನೊಂದು ಪ್ರತಿಗೂ ಹೊಡೆದು ಅವಳತ್ತ ನೂಕಿದರು.

"ತಗೊ. ಇನ್ನ ಸೀಟು ಉಳಿಯೋದು ಬಿಡೋದು ವಿಭಾಗದವರ ಕೈಯಾಗೈತಿ. ಅದು ಹೋದ್ರ ನನ್ನ ಹೆಸರ ಹೇಳಬ್ಯಾಡ."

"ಇಲ್ರಿ ಸರ. ನನ್ನ ಹೆಸರ ಐತಲ್ರಿ ಅದರಾಗ," ಎಂದಳು.

ಅವಳು ಹೋದಮೇಲೆ ಸಾಲಿನಲ್ಲಿ ಹಿಂದೆ ನಿಂತಿದ್ದ ಇಬ್ಬರು ಹುಡುಗರು, ಬೇರೇನೋ ಕೇಳಲು ಬಂದಿದ್ದವರು, ಒಂದು ಬಿಳಿ ಹಾಳೆ ಇದೆಯೇ ಎಂದು ಮೌಲಾಸಾಬನನ್ನು ಕೇಳಿದರು. ತಮ್ಮ ವಿಷಯವೂ ಬದಲಾಗಿದೆ ಎಂದರು. ಸವಣೂರ ಸರ್ ಅಂದು ಸಂಜೆಯವರೆಗೂ ಸೀಲು ಹೊಡೆಯುತ್ತಲೇ ಇದ್ದರು.

ನನಗೆ ಮಾತ್ರ ನೆಮ್ಮದಿ ಇರಲಿಲ್ಲ. ವಿಭಾಗದವರು ಬೇಡ ಎಂದರೆ? ನನ್ನ ಹಟದಿಂದಲೇ ಆ ಹುಡುಗಿಯ ಸೀಟು ಹೋದರೆ? ಮೇಲೆ ತೂಗುತ್ತಲೇ, ಬರುವ ನೆತ್ತಿಗಳನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಮಳೆ ಹಿಂದಾದ ಮೇಲೆ ಆ ಎರಡು ಜಡೆ ಮತ್ತೆ ಬಂದವು, ಶುಲ್ಕ ಕಟ್ಟುವುದಕ್ಕೆ. ವಿಭಾಗದವರು ಕರೆದು ಕೂರಿಸಿ ಕೇಳಿದರಂತೆ, ಗಣಿತ ಯಾಕೆ ಬಿಟ್ಟೆ ಎಂದು. "ನಾ ಬಿಡಲಿಲ್ರಿ, ಕಲಿಸೋರು ಬಿಟ್ಟು ಹೋದ್ರು ಅಂದೆ. ನಕ್ಕು ಹೂಂ ಅಂದ್ರು," ಎಂದು ಮೌಲಾಸಾಬನಿಗೆ ಹೇಳಿದಳು. ಹೋಗುವಾಗ ಕೈ ಎತ್ತಿ ನನ್ನ ಕೆಳ ಅಂಚನ್ನು ಒಮ್ಮೆ ಮುಟ್ಟಿದಳು. ಸಂತೋಷಕ್ಕೆ ನನ್ನ ಕೊಂಡಿ ಗಲಗಲ ಅಂದಿತು.

ನನಗೆ ಶಿಕ್ಷೆ ಆಗದೆ ಇರಲಿಲ್ಲ. ಸವಣೂರ ಸರ್ ಬಡಗಿಯೊಬ್ಬನನ್ನು ಕರೆಸಿ, ರಂದಾ ಹೊಡೆಸಿ, ನನ್ನ ಎರಡೂ ಅಂಚುಗಳನ್ನು ಹೆರೆಸಿದರು. ಸುರುಳಿ ಸುರುಳಿಯಾಗಿ ನನ್ನ ಮೈ ನೆಲಕ್ಕೆ ಬಿತ್ತು. ನೋವಾಯಿತು, ಮುಚ್ಚಿಡುವುದಿಲ್ಲ. ಆಮೇಲೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಇಳಿಯತೊಡಗಿದೆ. ಆದರೆ ಒಂದು ತಮಾಷೆ ನೋಡಿ. ಸರ್ ಕೊಂಡಿಗೆ ಕೈ ಹಾಕಿದಾಗಲೆಲ್ಲ ಒಂದು ಕ್ಷಣ ತಡೆದು ಹೊರಗೆ ನೋಡುತ್ತಿದ್ದರು, ಕಟ್ಟೆಯ ಮೇಲೆ ಯಾರದಾದರೂ ಕೈ ಇದೆಯೇ ಎಂದು. ಆ ತಡೆಯನ್ನು ಯಾವ ರಂದಾವೂ ಹೆರೆಯಲಾಗಲಿಲ್ಲ.

ಮುಂದೆ ಎಲ್ಲವೂ ಕಂಪ್ಯೂಟರಿಗೆ ಹೋಯಿತು. ಮೂರನೆಯ ಕಿಟಕಿಗೆ ಇಟ್ಟಿಗೆ ತುಂಬಿ ಸುಣ್ಣ ಬಳಿದರು. ನನ್ನನ್ನು ಕಿತ್ತು, ಮುರಿದ ಬೆಂಚುಗಳ ಜೊತೆ ಗುಜರಿಗೆ ಹಾಕಿದರು. ಈಗ ಊರಾಚೆಯ ಗುಜರಿ ಅಂಗಡಿಯ ಗೋಡೆಗೆ ಒರಗಿಕೊಂಡಿದ್ದೇನೆ. ಮೊನ್ನೆ ಒಂದು ಲಾರಿ ಬಂದು ಏನೋ ಇಳಿಸಿತು. ನೋಡಿದರೆ ನನ್ನ ಒಡಹುಟ್ಟು, ಆ ಕುರ್ಚಿ. ಒಂದು ಕಾಲಿಲ್ಲ, ಮಖಮಲ್ಲು ಇಲಿಗಳ ಪಾಲಾಗಿದೆ, ನವಿಲಿನ ಕೊಕ್ಕು ಮುರಿದಿದೆ. ಆದರೂ ಬಾಯಿ ಬಡಾಯಿ ಹೋಗಿಲ್ಲ. ಎಂಥೆಂಥವರು ತನ್ನ ಮೇಲೆ ಕೂತರು ಎಂದು ಹೇಳಿ ಹೇಳಿ, ಕೊನೆಗೆ ನನ್ನನ್ನು ಕೇಳಿತು, "ನೀನು ಇಷ್ಟು ವರ್ಷ ಮಾಡಿದ್ದೇನು?"

"ಒಂದು ಮಧ್ಯಾಹ್ನ ಮುಚ್ಚಲಿಲ್ಲ," ಎಂದೆ.

ಅದಕ್ಕೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ಗೋಜಿಗೆ ನಾನೂ ಹೋಗಲಿಲ್ಲ. ಗುಜರಿಯವನು ಇಂದಲ್ಲ ನಾಳೆ ನನ್ನನ್ನು ಯಾರಿಗೋ ಮಾರುತ್ತಾನೆ, ಇನ್ನೆಲ್ಲೋ ಒಂದು ಬಾಯಿ ಮುಚ್ಚಲು ಹಚ್ಚುತ್ತಾರೆ. ಹಚ್ಚಲಿ. ನಿನ್ನೆ ರಾತ್ರಿಯಿಂದ ಮಳೆ ಹಿಡಿದಿದೆ. ಅಷ್ಟು ಹೆರೆದರೂ, ಅಷ್ಟು ಸವೆದರೂ, ನಾನು ಇನ್ನೂ ಉಬ್ಬುತ್ತಿದ್ದೇನೆ.