ಹದಿನೆಂಟು ತಾಸಿನ ಕಿಡ್ನಿ

ಮಂಜುಗಡ್ಡೆಯಲ್ಲಿಟ್ಟದ್ದು ಕೆಡುವುದಿಲ್ಲ ಎಂದು ಐವತ್ತು ವರ್ಷ ನಂಬಿಕೊಂಡು ಬಂದವನು ನಾನು. ಡಾಕ್ಟರ್ ನಜೀಮಾ ಒಂದೇ ಫೋನಿನಲ್ಲಿ ಆ ನಂಬಿಕೆಯನ್ನು ಕೆಡವಿ ಹಾಕಿದರು.

ಕಲಬುರ್ಗಿಯ ಆಸ್ಪತ್ರೆಯಿಂದ ಆ ಫೋನು ಬಂದಾಗ ಬೆಳಗಿನ ಏಳು ಗಂಟೆ. ನನ್ನ ಹೆಂಡತಿ ಮಾನಮ್ಮ ಎರಡು ವರ್ಷದಿಂದ ವಾರಕ್ಕೆರಡು ಸಲ ಯಾದಗಿರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಳು. ಕಿಡ್ನಿಗಾಗಿ ಹೆಸರು ಬರೆಸಿ ಕಾಯುತ್ತಿದ್ದೆವು. ಈಗ ಒಂದು ಬಂದಿತ್ತು. ತೀರಿಕೊಂಡವರೊಬ್ಬರ ಮನೆಯವರು ದಾನ ಕೊಟ್ಟದ್ದು. ಅದು ಮೊದಲು ಯಾರ ಪಾಲಿಗೆ ಹೋಗಬೇಕಿತ್ತೋ ಅವರು ಜ್ವರ ಬಂದು ಮಲಗಿದ್ದರಿಂದ ನಮ್ಮನ್ನು ಕೇಳಿದ್ದರು.

“ಥಂಡಿಯೊಳಗ ಇಟ್ಟು ಆಗ್ಲೇ ಹನ್ನೆರಡು ತಾಸಾಗ್ಯಾವ್ರಿ,” ಎಂದರು ಡಾಕ್ಟರು, ಮಾನಮ್ಮ ಸ್ಪೀಕರಿಗೆ ಹಾಕಿ ಹಿಡಿದಿದ್ದ ಫೋನಿನಲ್ಲಿ. “ನೀವು ಬಂದು, ನಾವು ಕೂಡಿಸೋದ್ರಾಗ ಹದಿನೆಂಟಾಗ್ತಾವ. ಥಂಡಿಯೊಳಗ ಕಿಡ್ನಿ ಲಗೂನ ಸಾಯಂಗಿಲ್ಲ ಖರೆ, ಆದ್ರ ಆರಾಮೂ ಇರಂಗಿಲ್ಲ. ತಾಸು ಹೆಚ್ಚಾದಂಗ ಒಳಗೊಳಗ ಬಾವು ಬರ್ತದ. ಆಮ್ಯಾಲ ಬಿಸಿ ರಕ್ತ ನುಗ್ಗಿದಾಗ ಇನ್ನೊಂದು ಏಟು. ಹಾಕಿದ ಮ್ಯಾಲ ಎಂಟು ಹತ್ತು ದಿನ ಮಲಗಿಬಿಡಬಹುದು. ಏಳದೇನೂ ಇರಬಹುದು. ಬ್ಯಾಡಂದ್ರ ಬ್ಯಾರೆದಕ್ಕ ಕಾಯ್ರಿ. ಅರ್ಧ ತಾಸಿನ್ಯಾಗ ಹೇಳ್ರಿ.”

ನಾನು ಸುರಪುರದ ತಾಲೂಕು ಕಚೇರಿಯ ಗುಮಾಸ್ತ, ದ್ಯಾವಪ್ಪ. ಖಾತ್ರಿಯಿಲ್ಲದ ಕಾಗದ ಮುಂದೆ ಸರಿಸಿದವನಲ್ಲ. “ತಂಗಳದ್ದು ನಮಗ್ಯಾಕ? ಬ್ಯಾಡ ಅಂದುಬಿಡು,” ಎಂದು ಹೆಂಡತಿಗೆ ಹೇಳಿದೆ.

ಮಾನಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಕ್ಕೇರಾ ಕಡೆ ಕಾಲುವೆ ನೀರು ಹರಿದಾಗಿನಿಂದ ನೆಲ್ಲಿನ, ಅಂದರೆ ಭತ್ತದ, ಸಸಿ ಹಚ್ಚುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಕೆಲವೊಮ್ಮೆ ಸಸಿ ಕಿತ್ತಾಗಿರುತ್ತದೆ, ಗದ್ದೆ ಹದವಾಗಿರುವುದಿಲ್ಲ. ಆಗ ಸೂಡು ಕಟ್ಟಿ, ಬೇರು ನೀರಿನಲ್ಲಿ ಅದ್ದಿ ನೆರಳಿಗಿಡುತ್ತಾರೆ. ಒಂದು ದಿನ ತಡೆಯುತ್ತದೆ, ಎರಡು ದಿನ ಕಷ್ಟ, ಮೂರಾದರೆ ದನದ ಮುಂದೆ ಹಾಕುವುದೇ. ಅಂಥ ಸೂಡು ಯಾರಾದರೂ ತಂದು ಸುರಿದರೆ ಅವಳು ಕೇಳುವುದು ಒಂದೇ ಪ್ರಶ್ನೆ. ಡಾಕ್ಟರಿಗೂ ಅದನ್ನೇ ಕೇಳಿದಳು.

“ಕೀಳೋಕಿಂತ ಮೊದ್ಲ ಅದು ಚಲೋ ಇತ್ತೇನ್ರಿ?”

“ಭಾಳ ಚಲೋ ಇತ್ತು. ಹರೇದ ಹುಡುಗಂದು.”

“ಹಂಗಾರ ಬರತೀವ್ರಿ.” ಫೋನಿಟ್ಟು ನನಗೆ, “ಕಂಬದಂಗ ನಿಂದರಬ್ಯಾಡ್ರಿ, ಗಾಡಿ ನೋಡ್ರಿ,” ಎಂದಳು.

ಶಹಾಪುರ ದಾಟುವವರೆಗೂ ನಾನು ಗೊಣಗಿದೆ. ಅವಳು ನಿದ್ದೆ ಮಾಡಿದಳು.

ಆಪರೇಷನ್ ಸುಸೂತ್ರವಾಯಿತು. ಆದರೆ ಮಂಚಕ್ಕೆ ತೂಗುಹಾಕಿದ್ದ ಮೂತ್ರದ ಚೀಲ ಮರುದಿನ ಖಾಲಿ, ಮೂರನೆಯ ದಿನವೂ ಖಾಲಿ. ಮತ್ತೆ ಡಯಾಲಿಸಿಸ್ ಶುರುವಾಯಿತು. ಕಿಡ್ನಿಗೆ ರಕ್ತ ಚೆನ್ನಾಗಿ ಹರಿಯುತ್ತಿದೆ, ಅದಿನ್ನೂ ಮಲಗಿದೆ ಅಷ್ಟೇ ಎಂದು ಡಾಕ್ಟರು ದಿನಾ ಹೇಳುತ್ತಿದ್ದರು. ಆರನೆಯ ದಿನ ನನ್ನ ಬಾಯಿ ತಡೆಯಲಿಲ್ಲ.

“ನಾ ಹೇಳಿದ್ನಿಲ್ಲ, ತಂಗಳದ್ದು ಬ್ಯಾಡ ಅಂತ?”

“ಹಚ್ಚಿದ ನಾಕ ದಿನಕ್ಕ ಸಸಿ ಹಳದಿ ಆದ್ವು ಅಂತ ಬದುವಿನ ಮ್ಯಾಲ ನಿಂತು ಒದರೋ ಸಾವ್ಕಾರರಂಗ ಮಾಡಬ್ಯಾಡ್ರಿ. ಬೇರು ಹಿಡಿಯೋತನಕ ಕಿತ್ತು ನೋಡಬಾರದು.”

“ಇದು ನೆಲ್ಲಲ್ಲ, ಮಾನವ್ವಾ.”

“ನಾನೂ ಗದ್ದಿ ಅಲ್ಲ. ಆದ್ರ ಕಾಯೋದು ನಂಗ ಗೊತ್ತೈತಿ, ನಿಮಗ ಗೊತ್ತಿಲ್ಲ.”

ಮಾತಿನಲ್ಲಿ ಅವಳು ಸೋತವಳಲ್ಲ. ಆದರೆ ಮಧ್ಯಾಹ್ನ ಅವಳಿಗೆ ನಿದ್ದೆ ಹತ್ತಿದಾಗ ಕೈ ಆಪರೇಷನ್ನಿನ ಹೊಲಿಗೆಯ ಮೇಲೆ ಹೋಗಿ ಕೂತಿತ್ತು. ಅವಳಿಗೂ ಹೆದರಿಕೆಯಿದೆ ಎಂದು ಅವತ್ತೇ ತಿಳಿದದ್ದು. ಇವಳಿಲ್ಲದ ಮನೆ ಹೇಗಿರುತ್ತದೆ ಎಂಬ ಯೋಚನೆ ನನಗೆ ಮೊದಲ ಸಲ ಬಂತು. ತಂಗಳು ಎಂದ ನನ್ನ ನಾಲಿಗೆಯನ್ನು ನಾನೇ ಬೈದುಕೊಂಡೆ.

ಒಂಬತ್ತನೆಯ ದಿನ ಮಧ್ಯಾಹ್ನ ಚೀಲದ ತಳದಲ್ಲಿ ಎರಡು ಬೆರಳಷ್ಟು ಹಳದಿ ನೀರು ಕಂಡಿತು. ಸಂಜೆಯ ಹೊತ್ತಿಗೆ ಅರ್ಧ ಚೀಲ. ನಾನು ಕಾರಿಡಾರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಒಳಗೆ ಬಂದು ನೋಡಿದರೆ ಮಾನಮ್ಮ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಎರಡು ವರ್ಷದಲ್ಲಿ ಅವಳು ಅತ್ತದ್ದು ಅದೇ ಮೊದಲು.

“ಯಾಕಳ್ತೀರಿ? ಕೆಲಸ ಶುರು ಮಾಡ್ಯದ, ನಗ್ರಿ,” ಎಂದರು ಡಾಕ್ಟರು.

ಮಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಕೊಟ್ಟವ್ರ ಹೆಸರು ಹೇಳಂಗಿಲ್ಲಂತ ಗೊತ್ತೈತ್ರಿ. ನಂಗ ಹೇಳಬ್ಯಾಡ್ರಿ. ಆದ್ರ ಆ ಹುಡುಗನ ಅವ್ವಗ ಒಂದು ಮಾತು ಮುಟ್ಟಸ್ರಿ. ಅದು ಎದ್ದೈತಿ ಅಂತ.”